ಒಂದು ಕೆರೆ, ಒಂದು ದಿನ: ಹಕ್ಕಿ, ಮೀನು, ನೀರಿನ ಲೆಕ್ಕ ಬರೆಯುವ ಬಗೆ

ಜನವರಿ ಬಂತೆಂದರೆ ನೀರುಹಕ್ಕಿ ಗಣತಿಗೆ ಹೊಸ ಹುಡುಗ ಹುಡುಗಿಯರು ನನ್ನ ಜೊತೆ ಮಂಡ್ಯ, ಮೈಸೂರು ಕಡೆಯ ಕೆರೆಗಳಿಗೆ ಬರುತ್ತಾರೆ. ಏಷ್ಯಾದ ಉದ್ದಗಲಕ್ಕೂ ನಡೆಯುವ ಈ ಗಣತಿ 1987ರಲ್ಲಿ ಶುರುವಾಯಿತು. ಬಂದವರಲ್ಲಿ ಅನೇಕರಿಗೆ ಹಕ್ಕಿಗಳು ಚೆನ್ನಾಗಿ ಗೊತ್ತು. ದೂರದಲ್ಲಿ ಹಾರುವ ಬಾತುಕೋಳಿಯ ರೆಕ್ಕೆ ನೋಡಿಯೇ ಹೆಸರು ಹೇಳುತ್ತಾರೆ. ಆದರೆ ಆ ದಿನ ಕೆರೆಯಲ್ಲಿ ನೀರು ಎಷ್ಟಿತ್ತು ಎಂದು ಸಂಜೆ ಕೇಳಿದರೆ ಒಬ್ಬರೂ ಬರೆದುಕೊಂಡಿರುವುದಿಲ್ಲ.

ಈ ಬರಹ ಅವರಿಗಾಗಿ. ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ: ಹಕ್ಕಿಯ ಸಂಖ್ಯೆ ಬರೆಯುವ ಹಾಳೆಯಲ್ಲೇ ನೀರಿನ ಮಟ್ಟ ಬರೆಯಿರಿ. ಒಳ್ಳೆ ಮಳೆಯಾಗಿ ಕೆರೆ ಕೋಡಿ ಬಿದ್ದ ವರ್ಷ ಜನವರಿಯಲ್ಲಿ ಹಕ್ಕಿ ಕಡಿಮೆ ಕಾಣುತ್ತವೆ. ಸುತ್ತಮುತ್ತ ಎಲ್ಲ ಕಡೆ ನೀರಿರುತ್ತದೆ, ಅವು ಹಂಚಿಹೋಗಿರುತ್ತವೆ. ನಿಮ್ಮ ಕೆರೆಯಲ್ಲಿ ಅಂಚಿನವರೆಗೂ ಆಳ ನೀರಿರುವುದರಿಂದ ನಡೆದು ಮೇಯುವ ಹಕ್ಕಿಗೆ ಕಾಲೂರಲು ಜಾಗ ಇರುವುದಿಲ್ಲ. ಬರದ ವರ್ಷ ಉಳಿದ ಒಂದೇ ಗುಂಡಿಯ ಸುತ್ತ ಎಲ್ಲ ಹಕ್ಕಿಯೂ ಬಂದು ಸೇರುತ್ತವೆ. ಮೊದಲ ವರ್ಷ ‘ಹಕ್ಕಿ ಮಾಯ’ ಅಂತ ಸುದ್ದಿ, ಎರಡನೇ ವರ್ಷ ‘ಹಕ್ಕಿ ಜಾಸ್ತಿ’ ಅಂತ ಸುದ್ದಿ. ನೀರಿನ ಮಟ್ಟ ಗೊತ್ತಿಲ್ಲದೆ ಇವೆರಡರಲ್ಲಿ ಯಾವುದನ್ನೂ ನಂಬಲಾಗದು.

ಹೋಗುವ ಮೊದಲು

ನಿಮ್ಮ ಊರಿಗೆ ಹತ್ತಿರದ ಒಂದು ಕೆರೆ ಆರಿಸಿ. ಹೆಸರುವಾಸಿ ಜಾಗವೇ ಆಗಬೇಕಿಲ್ಲ. ರಂಗನತಿಟ್ಟು, ಗದಗದ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಇವು ನಾಲ್ಕೂ ಈಗ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಯಲ್ಲಿವೆ. ಅವುಗಳನ್ನು ನೋಡುವ ಕಣ್ಣುಗಳು ಬೇಕಾದಷ್ಟಿವೆ. ಸಾವಿರಾರು ಸಣ್ಣ ಕೆರೆಗಳನ್ನು ಯಾರೂ ನೋಡುತ್ತಿಲ್ಲ. ನೀವು ವರ್ಷದಲ್ಲಿ ನಾಲ್ಕು ಸಲವಾದರೂ ಹೋಗಿಬರಲು ಆಗುವ ಕೆರೆಯೇ ನಿಮಗೆ ಸರಿಯಾದ ಕೆರೆ.

ಆಮೇಲೆ ಊರಿಗೆ ಹೋಗಿ ಮಾತಾಡಿ. ಇದು ಸುಮ್ನೆ ಮರ್ಯಾದೆಯ ಪ್ರಶ್ನೆ ಅಲ್ಲ. ದುರ್ಬೀನು ಹಿಡಿದು ಏರಿ ಮೇಲೆ ನಿಂತವರನ್ನು ನೋಡಿದರೆ ಊರವರಿಗೆ ಮೊದಲು ಬರುವ ಅನುಮಾನ, ಒತ್ತುವರಿ ಅಳೆಯಲು ಬಂದಿದ್ದಾರೆ ಎಂದು. ಪಂಚಾಯಿತಿಗೆ ಒಂದು ಚೀಟಿ ಬರೆದು ಕೊಡಿ. ಕೆರೆ ಯಾವ ಇಲಾಖೆಯದು, ಮೀನಿನ ಗುತ್ತಿಗೆ ಯಾರದು, ತೂಬು ಎತ್ತುವವರು ಯಾರು ಎಂದು ಕೇಳಿ. ತೂಬು ಎತ್ತುವವರ ಪರಿಚಯ ಮಾಡಿಕೊಂಡರೆ ನೀರು ಯಾವಾಗ ಬಿಟ್ಟರು, ಯಾವಾಗ ನಿಲ್ಲಿಸಿದರು ಎಂಬ ಲೆಕ್ಕವೆಲ್ಲ ಸಿಗುತ್ತದೆ. ಮಂಡ್ಯ ಕಡೆ ಅನೇಕ ಕೆರೆಗಳಿಗೆ ನಾಲೆಯ ನೀರು ಬರುತ್ತದೆ. ಮೋಡ ನೋಡಿ ಕೆರೆಯ ಮಟ್ಟ ಊಹಿಸಿದರೆ ಅಲ್ಲಿ ತಪ್ಪುತ್ತದೆ.

ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ನೋಡುವುದು, ಎಣಿಸುವುದು, ಬರೆಯುವುದು ಯಾರು ಬೇಕಾದರೂ ಮಾಡಬಹುದು. ಹಕ್ಕಿ ಹಿಡಿಯುವುದು, ಕಾಲಿಗೆ ಉಂಗುರ ಹಾಕುವುದು, ಗೂಡು ಮುಟ್ಟುವುದು ಅನುಮತಿ ಇಲ್ಲದೆ ಮಾಡುವ ಕೆಲಸಗಳಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ.

ಚೀಲದಲ್ಲಿ ಇಷ್ಟಿರಲಿ: 8x42 ಅಥವಾ 10x42 ದುರ್ಬೀನು, ದಪ್ಪ ರಟ್ಟಿನ ಪುಸ್ತಕ, ಎರಡು ಪೆನ್ಸಿಲ್, ಟೇಪು, ಸಣ್ಣ ತಕ್ಕಡಿ, ನೀರು ಪರೀಕ್ಷೆಯ ಕಿಟ್, ಒಂದು ಉದ್ದನೆ ಕೋಲು. ಪೆನ್ನು ಬೇಡ, ಹಾಳೆ ಒದ್ದೆಯಾದರೆ ಶಾಯಿ ಹರಡುತ್ತದೆ. ಕೋಲು ಎರಡು ಕೆಲಸಕ್ಕೆ. ಏರಿಯ ಹುಲ್ಲಿನಲ್ಲಿ ಹಾವು ಇದ್ದರೆ ಕೋಲು ಬಡಿಯುವ ಅದುರಿಗೆ ಸರಿದುಹೋಗಬಹುದು, ಆದರೆ ಕೊಳಕುಮಂಡಲ ಸರಿಯದೆ ಕೂರುವುದೂ ಉಂಟು, ನೋಡಿ ಕಾಲಿಡಿ. ಇನ್ನೊಂದು, ಹೂಳು ಎತ್ತಿದ ಕೆರೆಗಳಲ್ಲಿ ಜೆಸಿಬಿ ತೋಡಿದ ಗುಂಡಿಗಳು ಮೊಣಕಾಲುದ್ದ ನೀರಿನ ಮಧ್ಯೆ ಗೊತ್ತೇ ಆಗದಂತೆ ಇರುತ್ತವೆ. ಪ್ರತಿ ಹೆಜ್ಜೆಗೂ ಮುಂದೆ ಕೋಲು ಊರಿ. ಈಜು ಬಂದರೂ ಸರಿ, ಒಬ್ಬರೇ ನೀರಿಗೆ ಇಳಿಯಬೇಡಿ. ಕಾವೇರಿಯ ದಡದಲ್ಲಾದರೆ ಇಳಿಯುವ ಮಾತೇ ಬೇಡ, ಮೊಸಳೆಗಳಿವೆ.

ಬೆಳಕು ಹರಿಯುವ ಮೊದಲು

ದಿನದ ಮೊದಲ ಕೆಲಸ ನೀರಿನದು. ರಾತ್ರಿಯಿಡೀ ಪಾಚಿ, ಗಿಡ, ಮೀನು, ಕೆಸರಿನ ಸೂಕ್ಷ್ಮಜೀವಿ ಎಲ್ಲವೂ ನೀರಿನೊಳಗಿನ ಆಮ್ಲಜನಕ ಬಳಸುತ್ತವೆ. ಬಿಸಿಲಿಲ್ಲದೆ ಹೊಸದು ಹುಟ್ಟುವುದಿಲ್ಲ. ಹಾಗಾಗಿ ಸೂರ್ಯ ಹುಟ್ಟುವ ಮೊದಲು ಅದು ದಿನದ ಕನಿಷ್ಠ ಮಟ್ಟದಲ್ಲಿರುತ್ತದೆ. ಮಧ್ಯಾಹ್ನ ಎರಡಕ್ಕೆ ಅಳೆದರೆ ಕೊಳಚೆ ತುಂಬಿದ ಹಸಿರು ಕೆರೆಯೂ ಬಹಳ ಚೆನ್ನಾಗಿದೆ ಎಂದೇ ತೋರುತ್ತದೆ. ಹಗಲು ತೆಗೆದ ಒಂದೇ ಅಳತೆ ಹಿಡಿದು ‘ಕೆರೆ ಆರೋಗ್ಯವಾಗಿದೆ’ ಎನ್ನುವ ವರದಿಗಳನ್ನು ನೋಡಿದಾಗ ನನಗೆ ಬೇಸರವಾಗುತ್ತದೆ.

ಕಿಟ್ಟಿನ ಬಾಟಲಿಯನ್ನು ನೀರೊಳಗೇ ಮುಳುಗಿಸಿ ತುಂಬಿ, ಅಲ್ಲೇ ಮುಚ್ಚಳ ಹಾಕಿ. ಒಂದು ಗುಳ್ಳೆ ಉಳಿದರೂ ಲೆಕ್ಕ ಕೆಡುತ್ತದೆ. ಮೊದಲ ಎರಡು ದ್ರವ ಹಾಕಿ ತಿರುಗಿಸಿದಾಗ ಕಂದು ಬಣ್ಣದ ಗಸಿ ಕೂತರೆ ಆಮ್ಲಜನಕ ಇದೆ. ಗಸಿ ಬೆಳ್ಳಗೇ ಉಳಿದರೆ ಇಲ್ಲ ಅಂತಲೇ ಅರ್ಥ. ಮುಂದಿನ ಹಂತಗಳು ಕಿಟ್ಟಿನ ಕಾಗದದಲ್ಲಿರುತ್ತವೆ. ಮೀನು ಮತ್ತು ಕಾಡುಜೀವಿಗಳಿಗೆ ತಕ್ಕ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ, 6.5ರಿಂದ 8.5ರೊಳಗಿನ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ. ಇದೇ ಜಾಗದಲ್ಲಿ ಮಧ್ಯಾಹ್ನ ಮತ್ತೆ ಅಳೆಯಿರಿ. ಬೆಳಗ್ಗೆಗೂ ಮಧ್ಯಾಹ್ನಕ್ಕೂ ವ್ಯತ್ಯಾಸ ತುಂಬಾ ಇದ್ದರೆ ಕೆರೆಗೆ ಪಾಚಿ ಬೆಳೆಸುವ ಗೊಬ್ಬರದ ನೀರೋ ಮನೆಗಳ ಕೊಳಚೆಯೋ ಎಲ್ಲಿಂದಲೋ ಬರುತ್ತಿದೆ. ಯಾವ ಕಾಲುವೆಯಿಂದ ಎಂದು ಹುಡುಕಿ.

ಕಿಟ್ ಇಲ್ಲವೆಂದರೆ ಮೀನುಗಾರರನ್ನು ಕೇಳಿ. ‘ಮೀನು ಬಾಯ್ ಬಿಡ್ತಾವೆ ಮೇಡಂ’ ಎಂದು ಅವರು ಹೇಳಿದರೆ ನಸುಕಿನಲ್ಲಿ ಮೀನು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿವೆ ಎಂದು ಅರ್ಥ. ಅದನ್ನು ದಿನಾಂಕ ಹಾಕಿ ಬರೆದುಕೊಳ್ಳಿ. ಅದೂ ಅಳತೆಯೇ.

ಈಗ ನೀರಿನ ಮಟ್ಟ. ಹಳೆಯ ಕೆರೆಗಳ ತೂಬಿನ ಬಳಿ ಕಲ್ಲಿನ ಕಂಬ, ಮೆಟ್ಟಿಲು ಇರುತ್ತವೆ. ನೀರಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತಿವೆ ಎಂದು ಎಣಿಸಿ, ಕೊನೆಯ ಮೆಟ್ಟಿಲಿನಿಂದ ನೀರಿಗೆ ಎಷ್ಟು ಎಂದು ಟೇಪಿನಲ್ಲಿ ಅಳೆಯಿರಿ. ಮೆಟ್ಟಿಲು ಇಲ್ಲದಿದ್ದರೆ ಕೋಡಿಯ ಕಟ್ಟೆಯಿಂದ ನೀರು ಎಷ್ಟು ಕೆಳಗಿದೆ ಎಂದು ಬರೆದರಾಯಿತು. ಅಲ್ಲೇ ನಿಂತು ಒಂದು ಫೋಟೋ ತೆಗೆಯಿರಿ. ಪ್ರತಿ ಸಲವೂ ಅದೇ ಕಲ್ಲಿನ ಮೇಲೆ ನಿಂತು, ಅದೇ ದಿಕ್ಕಿಗೆ.

ಹಕ್ಕಿ ಎಣಿಕೆ

ಸೂರ್ಯ ಬೆನ್ನಿಗಿರಬೇಕು. ಅಂದರೆ ಬೆಳಗ್ಗೆ ಕೆರೆಯ ಪೂರ್ವ ದಡದಿಂದ ಪಶ್ಚಿಮಕ್ಕೆ ನೋಡಬೇಕು. ಎದುರು ಬಿಸಿಲಿಗೆ ಎಲ್ಲ ಬಾತುಗಳೂ ಕಪ್ಪಾಗಿ ಕಾಣುತ್ತವೆ. ಮಂಜಿದ್ದರೆ ಕಾಯಿರಿ. ಬಿಸಿಲು ಏರಿ ನೀರಿನ ಮೇಲೆ ಗಾಳಿ ಅಲುಗತೊಡಗುವ ಮೊದಲು ಮುಗಿಸಿ.

ಮೊದಲು ಕೆರೆಯನ್ನು ಭಾಗ ಮಾಡಿಕೊಳ್ಳಿ. ಈ ಒಂಟಿ ಜಾಲಿಯಿಂದ ತೂಬಿನವರೆಗೆ ಒಂದು, ತೂಬಿನಿಂದ ಕೋಡಿಗೆ ಇನ್ನೊಂದು, ಹಿಂದಿನ ಜೊಂಡಿನ ಜಾಗ ಮತ್ತೊಂದು. ಒಬ್ಬರು ನೋಡುತ್ತಾ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಎಲ್ಲರೂ ದುರ್ಬೀನಿನಲ್ಲಿ ಮುಳುಗಿದರೆ ಬರೆಯುವವರು ಯಾರು?

ನಾಚಿಕೆಯ ಹಕ್ಕಿಗಳನ್ನು ಮೊದಲು ಎಣಿಸಿ. ಬಾತುಗಳು ನಿಮ್ಮನ್ನು ಕಂಡು ಮೊದಲು ಆಚೆ ದಡಕ್ಕೆ ಜಾರುತ್ತವೆ: ವರಟೆ, ಸೂಜಿಬಾಲದ ಬಾತು, ಚಲುಕದ ಬಾತು. ನಾಮದ ಕೋಳಿ, ಗುಳುಮುಳುಕ ಅಷ್ಟು ಬೇಗ ಹೆದರುವುದಿಲ್ಲ, ಆಮೇಲೆ ಎಣಿಸಬಹುದು. ಗುಳುಮುಳುಕ ಮುಳುಗಿ ಮುಳುಗಿ ಏಳುವುದರಿಂದ ಒಂದೇ ಭಾಗವನ್ನು ಎರಡು ಸಲ ನೋಡಿ, ಜಾಸ್ತಿ ಕಂಡ ಸಂಖ್ಯೆಯನ್ನು ಇಟ್ಟುಕೊಳ್ಳಿ.

ದೊಡ್ಡ ಗುಂಪನ್ನು ಒಂದೊಂದಾಗಿ ಎಣಿಸಲು ಆಗದು. ಗುಂಪಿನ ಒಂದು ತುದಿಯಲ್ಲಿ ಹತ್ತು ಹಕ್ಕಿ ಎಣಿಸಿ. ಅವು ದುರ್ಬೀನಿನಲ್ಲಿ ಎಷ್ಟು ಜಾಗ ಹಿಡಿದವು ನೋಡಿ. ಅಷ್ಟೇ ಜಾಗವನ್ನು ಗುಂಪಿನ ಮೇಲೆ ಸಾಲಾಗಿ ಇಡುತ್ತಾ ಹೋಗಿ: ಹತ್ತು, ಇಪ್ಪತ್ತು, ಮೂವತ್ತು. ಇನ್ನೂ ದೊಡ್ಡ ಗುಂಪಿಗೆ ಐವತ್ತು ಅಥವಾ ನೂರರ ತುಂಡು. ಗುಂಪಿನ ನಡುವೆ ಹಕ್ಕಿ ಒತ್ತಾಗಿ, ಅಂಚಿನಲ್ಲಿ ವಿರಳವಾಗಿ ಇರುತ್ತವೆ, ತುಂಡಿನ ಅಳತೆ ಅದಕ್ಕೆ ತಕ್ಕಂತೆ ಬದಲಾಗಬೇಕು. ಮನೆಯಲ್ಲಿ ಅಭ್ಯಾಸ ಮಾಡಲು ಒಂದು ಹಿಡಿ ಕಡಲೆಕಾಳನ್ನು ತಟ್ಟೆಗೆ ಚೆಲ್ಲಿ, ಅಂದಾಜು ಬರೆದು, ಆಮೇಲೆ ಎಣಿಸಿ. ಒಂದು ವಾರ ಹೀಗೆ ಮಾಡಿದರೆ ಕಣ್ಣು ಪಳಗುತ್ತದೆ. ಹೊಸಬರು ಸಾಮಾನ್ಯವಾಗಿ ದೊಡ್ಡ ಗುಂಪನ್ನು ಕಡಿಮೆ ಎಣಿಸುತ್ತಾರೆ.

ಗುಂಪು ಮಿಶ್ರವಾಗಿದ್ದರೆ ಮೊದಲು ಒಟ್ಟು ಎಷ್ಟೆಂದು ಅಂದಾಜು ಮಾಡಿ. ಆಮೇಲೆ ಅಲ್ಲಲ್ಲಿ ದುರ್ಬೀನು ನಿಲ್ಲಿಸಿ, ಕಂಡ ಹಕ್ಕಿಗಳಲ್ಲಿ ಯಾವುದು ಎಷ್ಟು ಎಂದು ಲೆಕ್ಕ ಹಾಕಿ ಹಂಚಿ. ಇಬ್ಬರು ಎಣಿಸಿ ಸಂಖ್ಯೆ ಬೇರೆ ಬಂದರೆ ಎರಡನ್ನೂ ಬರೆಯಿರಿ. ಚರ್ಚೆ ಮಾಡಿ ನಡುವಿನ ಸಂಖ್ಯೆಗೆ ಒಪ್ಪಿಕೊಳ್ಳುವುದು ಬೇಡ.

ಜೌಗು ಸೆಳೆವ ಎಂಬ ಬೇಟೆಹಕ್ಕಿ ಮೇಲೆ ಬಂದರೆ ಇಡೀ ಕೆರೆ ಎದ್ದು ಹಾರುತ್ತದೆ. ಆಗ ಫೋಟೋ ತೆಗೆಯಿರಿ, ಆಮೇಲೆ ಪರದೆಯಲ್ಲಿ ಎಣಿಸಬಹುದು. ಕೂತ ಮೇಲೆ ಆ ಭಾಗವನ್ನು ಮೊದಲಿನಿಂದ ಎಣಿಸಿ, ಮೊದಲಿನ ಸಂಖ್ಯೆಗೆ ಒಂದು ಗೆರೆ ಎಳೆಯಿರಿ. ಅಳಿಸಬೇಡಿ.

ಪಟ್ಟೆತಲೆ ಹೆಬ್ಬಾತುಗಳ ರೀತಿ ಬೇರೆ. ಅವು ಹೊಲಗಳಿಗೆ ಮೇಯಲು ಹೋಗಿ ಕೆರೆಗೆ ಮರಳುತ್ತವೆ. ಮರಳುವ ಹೊತ್ತು ಊರಿನ ಕುರಿ ಕಾಯುವವರಿಗೆ ಗೊತ್ತಿರುತ್ತದೆ, ಕೇಳಿಕೊಂಡು ಹೋಗಿ. ಗುಂಪಿನಲ್ಲಿ ಕೊರಳಪಟ್ಟಿ ಇರುವ ಹಕ್ಕಿ ಇದೆಯಾ ಎಂದು ಒಂದೊಂದೇ ಕುತ್ತಿಗೆ ನೋಡಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಬಂದಿವೆ. ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಸಂಖ್ಯೆಯನ್ನು ಓದಿ ಕಳಿಸಿದರೆ ಹಿಮಾಲಯದಾಚೆ ಪಟ್ಟಿ ಹಾಕಿದವರಿಗೆ ಆ ಹಕ್ಕಿಯ ಚಳಿಗಾಲದ ಮನೆ ಗೊತ್ತಾಗುತ್ತದೆ. ಓದಲು ಆಗದಿದ್ದರೆ ‘ಪಟ್ಟಿ ಇದೆ, ಓದಲಾಗಲಿಲ್ಲ’ ಎಂದು ಬರೆಯಿರಿ. ಹತ್ತಿರ ಹೋಗಿ ಗುಂಪು ಎಬ್ಬಿಸಬೇಡಿ. ಹಾಗೆ ಎದ್ದ ಹಕ್ಕಿ ಉತ್ತರಕ್ಕೆ ಮರಳಲು ಕೂಡಿಟ್ಟ ಕೊಬ್ಬನ್ನು ಖರ್ಚು ಮಾಡುತ್ತದೆ.

ಏನೂ ಇಲ್ಲದ ಭಾಗಕ್ಕೆ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ನೋಡಲಿಲ್ಲವೋ, ನೋಡಿಯೂ ಇರಲಿಲ್ಲವೋ ಎಂದು ಮುಂದೆ ಓದುವವರಿಗೆ ತಿಳಿಯುವುದಿಲ್ಲ.

ಏರಿಯ ಮೇಲೆ ಮೀನು

ಮೀನು ನೋಡಲು ನೀವು ಬಲೆ ಹಾಕಬೇಕಿಲ್ಲ. ರಾತ್ರಿ ಬಿಟ್ಟ ಬಲೆಯನ್ನು ಎತ್ತಿಕೊಂಡು ತೆಪ್ಪ ದಡಕ್ಕೆ ಬರುವ ಹೊತ್ತಿಗೆ ಅಲ್ಲಿರಿ. ಅವರ ವ್ಯಾಪಾರ ತಡವಾಗಬಾರದು. ಮೊದಲು ತೂಕ ಹಾಕಿ ಮಾರುವವರಿಗೆ ಕೊಡಲಿ. ಉಳಿದ ಚಿಲ್ಲರೆ ಮೀನಿನ ಕುಕ್ಕೆಯನ್ನು ನೋಡಲು ಕೇಳಿ. ನನಗೆ ಕೆರೆಯ ಬಗ್ಗೆ ಹೆಚ್ಚು ಹೇಳುವುದು ಆ ಕುಕ್ಕೆಯೇ.

ಕಾರಣ ಇದು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನ ಕೆರೆಯಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಮಳೆ ಬಂದ ಮೇಲೆ ಮರಿ ತಂದು ಬಿಟ್ಟಿರುತ್ತಾರೆ. ಅವು ಎಷ್ಟಿವೆ ಎಂಬುದರಿಂದ ಎಷ್ಟು ಮರಿ ಬಿಟ್ಟರು ಎಂದು ತಿಳಿಯುತ್ತದೆ, ಕೆರೆ ಹೇಗಿದೆ ಎಂದು ಅಷ್ಟಾಗಿ ತಿಳಿಯುವುದಿಲ್ಲ. ಪಕ್ಕೆಯಂಥ ಸಣ್ಣ ಮೀನುಗಳು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವು. ಬೆಳ್ಳಕ್ಕಿ, ಬಣ್ಣದ ಕೊಕ್ಕರೆ, ಮಿಂಚುಳ್ಳಿ ತಿನ್ನುವುದೂ ಇಂಥವನ್ನೇ. ಕುಕ್ಕೆಯಲ್ಲಿ ಜಿಲೇಬಿ ಮೀನು ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಇದ್ದರೆ ನಸುಕಿನ ಆಮ್ಲಜನಕದ ಅಂಕಿ ಮತ್ತೊಮ್ಮೆ ತೆಗೆದು ನೋಡಿ. ಈ ಕ್ಯಾಟ್‌ಫಿಶ್ ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲದು, ಕೆಟ್ಟ ನೀರಿನಲ್ಲೂ ಬದುಕುತ್ತದೆ. ಅದನ್ನು ಸಾಕುವುದಕ್ಕೆ ಸರ್ಕಾರದ ನಿಷೇಧವಿದೆ, ಆದರೂ ಕೆರೆಗಳಲ್ಲಿ ಇದೆ. ಕೊರವ, ಚೇಳು ಮೀನು ಕೂಡ ಗಾಳಿ ಉಸಿರಾಡುತ್ತವೆ. ಹಾಗಾಗಿ ಅವು ಸಿಕ್ಕವು ಎಂಬುದರಿಂದ ನೀರು ಚೆನ್ನಾಗಿದೆ ಎಂದು ತೀರ್ಮಾನಿಸಲಾಗದು.

ಅಳೆಯುವ ಕ್ರಮ ಸರಳ. ಒಂದು ಹಲಗೆಯ ಮೇಲೆ ಅಳತೆಪಟ್ಟಿ ಅಂಟಿಸಿ. ಮೂತಿ ಒಂದು ತುದಿಗೆ ತಾಗಲಿ, ಬಾಲದ ಕೊನೆಯವರೆಗೆ ಓದಿ. ಕೆಲವರು ಬಾಲ ಶುರುವಾಗುವ ಜಾಗದವರೆಗೆ ಮಾತ್ರ ಅಳೆಯುತ್ತಾರೆ. ಯಾವುದಾದರೂ ಸರಿ, ಯಾವ ಅಳತೆ ಎಂದು ಹಾಳೆಯ ತಲೆಯಲ್ಲಿ ಬರೆದಿಡಿ. ಪ್ರತಿ ಜಾತಿಯ ಒಂದು ಮೀನನ್ನು ಎಡಮಗ್ಗುಲು ಕಾಣುವಂತೆ ಪಟ್ಟಿಯ ಪಕ್ಕ ಮಲಗಿಸಿ ಫೋಟೋ ತೆಗೆಯಿರಿ. ಊರಿನವರು ಹೇಳಿದ ಹೆಸರನ್ನು ಅವರು ಹೇಳಿದ ಹಾಗೆಯೇ ಬರೆಯಿರಿ. ಪಕ್ಕದ ತಾಲ್ಲೂಕಿನಲ್ಲಿ ಅದೇ ಮೀನಿಗೆ ಬೇರೆ ಹೆಸರಿರಬಹುದು, ಫೋಟೋ ಇದ್ದರೆ ಗೊಂದಲವಾಗುವುದಿಲ್ಲ.

ಬಲೆಯ ಕಣ್ಣು ಅಳೆಯುವುದನ್ನು ಮರೆಯಬೇಡಿ. ಕಣ್ಣನ್ನು ಎಳೆದು ಹಿಡಿದು ಗಂಟಿನಿಂದ ಎದುರು ಗಂಟಿಗೆ ಎಷ್ಟು ಎಂದು ನೋಡಿ. ಎಷ್ಟು ಬಲೆ, ಎಷ್ಟು ಗಂಟೆ ನೀರಿನಲ್ಲಿತ್ತು ಎಂದೂ ಬರೆಯಿರಿ. ಇವಿಲ್ಲದೆ ‘ಹೋದ ವರ್ಷ ಹತ್ತು ಕಿಲೋ, ಈ ವರ್ಷ ಐದು’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಅಗಲ ಕಣ್ಣಿನ ಬಲೆಗೆ ಸಣ್ಣ ಮೀನು ಸಿಗುವುದೇ ಇಲ್ಲ.

ಗುತ್ತಿಗೆದಾರರು ನೀರುಕಾಗೆಗಳ ಮೇಲೆ ದೂರು ಹೇಳುತ್ತಾರೆ. ಹಕ್ಕಿ ಓಡಿಸಲು ಪಟಾಕಿ ಹೊಡೆಯುವವರೂ ಇದ್ದಾರೆ. ಅವರು ಸಾಲ ಮಾಡಿ ಮರಿ ಬಿಟ್ಟಿರುತ್ತಾರೆ, ಮಾತು ಪೂರ್ತಿ ಕೇಳಿ. ಆಮೇಲೆ ನಿಮ್ಮ ಅಳತೆಗಳನ್ನು ತೋರಿಸಿ. ತೀರಾ ಸಣ್ಣ ಮರಿ ಬಿಟ್ಟಾಗ ಹಕ್ಕಿಗೆ ಹೋಗುವುದು ಹೆಚ್ಚು. ಸ್ವಲ್ಪ ದೊಡ್ಡದಾದ ಮೇಲೆ ಬಿಟ್ಟರೆ ಉಳಿಯುವುದು ಹೆಚ್ಚು. ಈ ಮಾತು ಅವರಿಗೆ ಉಪಯೋಗಕ್ಕೆ ಬರುತ್ತದೆ, ಹಕ್ಕಿಗೂ ಒಳ್ಳೆಯದು.

ಮಧ್ಯಾಹ್ನ, ಕೆರೆಯ ಅಂಚು

ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು ಸೆಕ್ಕಿ ತಟ್ಟೆ ಬೇಕು. 20 ಸೆಂಟಿಮೀಟರ್ ಅಗಲದ ತಗಡಿನ ವೃತ್ತವನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು ಕೊರೆದು ಹಗ್ಗ ಕಟ್ಟಿ. ಹಗ್ಗಕ್ಕೆ ಹತ್ತು ಸೆಂಟಿಮೀಟರಿಗೊಂದು ಗುರುತು ಹಾಕಿ, ಕೆಳಗೆ ಭಾರಕ್ಕೆ ದಪ್ಪ ನಟ್ಟು ಸಿಗಿಸಿ. ತೆಪ್ಪದ ನೆರಳಿನ ಕಡೆ ಇಳಿಬಿಡಿ. ತಟ್ಟೆ ಮರೆಯಾದ ಆಳ, ಮೇಲಕ್ಕೆಳೆದಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆಯಿರಿ. ತೆಪ್ಪ ಏರುವಾಗ ಲೈಫ್ ಜಾಕೆಟ್ ಇರಲೇಬೇಕು.

ಆಮೇಲೆ ಅಂಚಿನ ಉದ್ದಕ್ಕೂ ನಡೆಯಿರಿ. ಗದ್ದೆ ಗೊರವದಂಥ ಸಣ್ಣ ಹಕ್ಕಿಗೆ ಬೇಕಾದದ್ದು ಒಂದೆರಡು ಬೆರಳು ಆಳದ ನೀರು, ಹಸಿ ಕೆಸರು. ಮೆಟ್ಟುಗಾಲು ಹಕ್ಕಿಗೆ ಗೇಣು ನೀರಾದರೂ ನಡೆಯುತ್ತದೆ. ತಲೆ ಮುಳುಗಿಸಿ ಮೇಯುವ ಬಾತಿಗೆ ಮೊಣಕಾಲಿನೊಳಗೆ. ದೇವನಹಕ್ಕಿಗೆ ತೇಲುವ ಎಲೆ ಬೇಕು. ಬಾಯ್ಕಳಕಕ್ಕೆ ಬಸವನಹುಳು ಇರುವ ಆಳವಿಲ್ಲದ ನೀರು. ಇವೆಲ್ಲ ಕೆರೆಯ ಇಳಿಜಾರು ಅಂಚಿನಲ್ಲಿ ಸಿಗುತ್ತವೆ. ಅಭಿವೃದ್ಧಿ ಅಂತ ಕೆರೆಯನ್ನು ಬಟ್ಟಲಿನ ಹಾಗೆ ತೋಡಿ, ಸುತ್ತ ಕಲ್ಲು ಕಟ್ಟಿ, ವಾಕಿಂಗ್ ದಾರಿ ಮಾಡಿದ ಮೇಲೆ ಈ ಅಂಚು ಇರುವುದಿಲ್ಲ. ನೀರು ತುಂಬಿರುತ್ತದೆ, ನೀರುಕಾಗೆ ಇರುತ್ತವೆ, ಗೊರವ ಒಂದೂ ಇರುವುದಿಲ್ಲ. ಇದನ್ನು ನೋಡುವಾಗ ನನಗೆ ಆಗುವ ಸಂಕಟವನ್ನು ಮುಚ್ಚಿಡಲಾರೆ. ಆದ್ದರಿಂದ ಪ್ರತಿ ಭಾಗದಲ್ಲೂ ನೀರಿನ ಗೆರೆಯಿಂದ ಮೊಣಕಾಲು ಆಳಕ್ಕೆ ಎಷ್ಟು ಹೆಜ್ಜೆ ಎಂದು ಬರೆಯಿರಿ. ಹೆಜ್ಜೆ ಜಾಸ್ತಿಯಾದಷ್ಟೂ ಅಂಚು ಅಗಲ. ಎಂಜಿನಿಯರ್ ಮುಂದೆ ಕೂತು ‘ಇಷ್ಟು ಅಂಚು ಉಳಿಸಿ’ ಎಂದು ಕೇಳಲು ನಿಮ್ಮ ಕೈಯಲ್ಲಿ ಇರುವ ಅಂಕಿ ಇದೇ.

ಜೊಂಡು, ಆಪು, ಅಂತರಗಂಗೆ ಎಷ್ಟು ಜಾಗ ಹಿಡಿದಿವೆ ಎಂದು ನಕ್ಷೆಯಲ್ಲಿ ಗೆರೆ ಹಾಕಿ. ಅಷ್ಟು ಸಾಕು.

ಗೂಡಿನ ಮರದ ಕೆಳಗೆ

ಹಕ್ಕಿ ಯಾವ ಮೀನು ತಿನ್ನುತ್ತವೆ ಎಂದು ತಿಳಿಯಲು ಒಳ್ಳೆಯ ಜಾಗ ಗೂಡಿನ ಮರದ ಬುಡ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರಿಗೆ ಉಣಿಸುವಾಗ ಜಾರಿ ಬಿದ್ದ ಮೀನು ಕೆಳಗೆ ಸಿಗುತ್ತವೆ. ಕೈಗವಸು ಹಾಕಿ ಎತ್ತಿ, ಅಳೆದು, ಫೋಟೋ ತೆಗೆದು ಅಲ್ಲೇ ಬಿಡಿ. ಶಿಂಷಾ ನದಿಯದೋ ಯಾವುದೋ ಕೆರೆಯದೋ ಎಂದು ಯೋಚಿಸಲು ಅದು ದಾರಿ. ಮರದ ಯಜಮಾನರ ಅಪ್ಪಣೆ ಕೇಳಿ. ಹಕ್ಕಿಗಾಗಿ ಹುಣಸೆ ಕೀಳದೆ ಬಿಡುವವರು ಅವರು, ಅದಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಪಡೆಯುತ್ತಾರೆ. ಗೂಡುಗಳನ್ನು ದೂರದಿಂದಲೇ ಎಣಿಸಿ. ತಾಯಿಹಕ್ಕಿ ಎದ್ದರೆ ಕಾಗೆಗೆ ಮೊಟ್ಟೆ ಸಿಗುತ್ತದೆ, ಮರಿಗೆ ಬಿಸಿಲು ತಾಗುತ್ತದೆ.

ಸತ್ತ ಹಕ್ಕಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಜಾಗ, ಹೊತ್ತು, ಜಾತಿ, ಎಷ್ಟು ಎಂದು ಬರೆದು ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ಅವತ್ತೇ ತಿಳಿಸಿ. 2017ರ ಕೊನೆಯಿಂದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತವು. ಹೊಟ್ಟೆಯೊಳಗೆ ದುಂಡುಹುಳುಗಳು ಕಂಡವು. ಇಂಥ ಹುಳು ಮೀನಿನ ಮೂಲಕ ಹಕ್ಕಿಗೆ ಸೇರುತ್ತದೆ. ನೀರು, ಮೀನು, ಹಕ್ಕಿ ಮೂರನ್ನೂ ಒಂದೇ ಪುಸ್ತಕದಲ್ಲಿ ಬರೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಬಾಟುಲಿಸಂ ಎಂಬ, ಬ್ಯಾಕ್ಟೀರಿಯಾದ ವಿಷದಿಂದ ಬರುವ ರೋಗ ತಗುಲಿ ಸಾವಿರಾರು ಹಕ್ಕಿಗಳು ಸತ್ತವು. ಅಂಥ ಸಮಯದಲ್ಲಿ ಮೊದಲ ಹೆಣಗಳು ಯಾವ ದಿನ, ಯಾವ ಅಂಚಿನಲ್ಲಿ ಕಂಡವು ಎಂಬ ಒಂದು ಸಾಲು ವೈದ್ಯರಿಗೆ ಬಹಳ ನೆರವಾಗುತ್ತದೆ.

ಬರೆದ ಮೇಲೆ

ಅವತ್ತೇ ರಾತ್ರಿ ಅಂಕಿಗಳನ್ನು ಶುದ್ಧವಾಗಿ ಬರೆದು ಪುಟಗಳ ಫೋಟೋ ತೆಗೆದಿಡಿ. ಹಕ್ಕಿಯ ಪಟ್ಟಿಯನ್ನು ಹಕ್ಕಿ ದಾಖಲಿಸುವ ಜಾಲತಾಣವಾದ ಇ-ಬರ್ಡ್‌ಗೆ ಹಾಕಿ, ಟಿಪ್ಪಣಿಯಲ್ಲಿ ನೀರಿನ ಮಟ್ಟ ಸೇರಿಸಿ. ಜನವರಿಯ ಲೆಕ್ಕವನ್ನು ನೀರುಹಕ್ಕಿ ಗಣತಿಯ ಸಂಯೋಜಕರಿಗೆ ಕಳಿಸಿ. ಗೂಡಿನ ಜಾಗ, ಅಪರೂಪದ ಹಕ್ಕಿಯ ಜಾಗವನ್ನು ಮಾತ್ರ ವಾಟ್ಸಾಪ್ ಗುಂಪುಗಳಲ್ಲಿ ಹಂಚಬೇಡಿ.

ಒಂದು ಪ್ರತಿ ಪಂಚಾಯಿತಿಗೆ, ಒಂದು ಮೀನುಗಾರರ ಸಂಘಕ್ಕೆ ಕನ್ನಡದಲ್ಲಿ ಬರೆದುಕೊಡಿ. ಎರಡು ಪುಟ ಸಾಕು: ನೀರು ಎಷ್ಟಿತ್ತು, ಯಾವ ಮೀನು ಸಿಕ್ಕವು, ಯಾವ ಹಕ್ಕಿ ಎಲ್ಲಿದ್ದವು, ಅಂಚು ಎಷ್ಟು ಅಗಲ. ಮುಂದಿನ ಸುತ್ತಿಗೆ ಏಪ್ರಿಲ್ ಕೊನೆಯಲ್ಲಿ ಹೋಗಿ, ಕೆರೆ ತಳ ಕಾಣುವ ಹೊತ್ತಿಗೆ. ಆಗ ಗುಂಡಿಗಳೆಲ್ಲ ಕಣ್ಣಿಗೆ ಬೀಳುತ್ತವೆ. ನಕ್ಷೆಯಲ್ಲಿ ಅವುಗಳನ್ನು ಗುರುತಿಸಿಕೊಂಡರೆ ಮಳೆಗಾಲದ ನಂತರ ನೀರಿಗೆ ಇಳಿಯುವವರಿಗೆ ಎಲ್ಲಿ ಕಾಲಿಡಬಾರದು ಎಂದು ತಿಳಿದಿರುತ್ತದೆ.